ಗೋಡೆಯ ಮೇಲಿನ ಕೊನೆಯ ಮನುಷ್ಯ

ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದು ನಾನು ಈ ಭಾಗದ ಮಕ್ಕಳಿಗೆ ಕಲಿಸಿದ ಸುಳ್ಳುಗಳು ಒಂದೆರಡಲ್ಲ. ಎಲ್ಲವೂ ಒಳ್ಳೆಯ ಆಯಿಲ್ ಪೇಂಟಿನಲ್ಲಿವೆ, ಅಷ್ಟು ಸುಲಭಕ್ಕೆ ಅಳಿಯುವವಲ್ಲ. ಇಂಡಿಯ ಸಾಲೆಯಲ್ಲಿದ್ದಾಗ ಗೋಡೆಗೆ ಹಕ್ಕಿಗಳ ಚಿತ್ರ ಬರೆದು, ಗಿಳಿ ನವಿಲುಗಳ ಮಗ್ಗುಲಿಗೇ ಬಾವಲಿಯನ್ನೂ ತೂಗುಹಾಕಿದೆ. ಬಸವನ ಬಾಗೇವಾಡಿಯಲ್ಲಿ ಮೀನುಗಳ ನಡುವೆ ತಿಮಿಂಗಿಲವನ್ನು ಈಜಲು ಬಿಟ್ಟೆ. ಸಿಂದಗಿಯಲ್ಲಿ ಜೇಡವನ್ನು ಕೀಟಗಳ ಗುಂಪಿಗೆ ಸೇರಿಸಿದ್ದು ಸಾಲದೆಂಬಂತೆ, ಕಿಟಕಿ ಅಡ್ಡ ಬಂದದ್ದಕ್ಕೆ ಎರಡು ಕಾಲು ಕಡಿಮೆಯೇ ಬರೆದೆ. ಪಾಪ, ಅದು ಇವತ್ತಿಗೂ ಆರು ಕಾಲಲ್ಲೇ ಸಂಸಾರ ತೂಗಿಸುತ್ತಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೆ ಮುದ್ದೇಬಿಹಾಳದ ಹತ್ತಿರದ ಒಂದು ಹೈಸ್ಕೂಲಿಗೆ ಬಂದೆ. ನಿವೃತ್ತಿಗೆ ಮೂರು ತಿಂಗಳಿದ್ದಾಗ ಹೆಡ್ ಮಾಸ್ತರು ಬಾಗಿಲ ಪಕ್ಕದ ದೊಡ್ಡ ಗೋಡೆಯನ್ನು ತೋರಿಸಿ, "ನಿಮ್ಮ ನೆನಪಿಗೆ ಒಂದ್ ಚಲೋ ಚಿತ್ರ ತಗೀರಿ" ಎಂದರು. ನಾನು ಮನುಷ್ಯನ ವಿಕಾಸವನ್ನು ಆರಿಸಿಕೊಂಡೆ. ಎಲ್ಲರೂ ನೋಡಿರುವ ಚಿತ್ರವೇ ಅದು: ಎಡಕ್ಕೆ ಮಂಗ, ಆಮೇಲೆ ಒಬ್ಬರಿಗಿಂತ ಒಬ್ಬರು ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತ ಹೋಗುವ ಮೂವರು, ಬಲತುದಿಗೆ ಎದೆ ಸೆಟೆದು ನಿಂತ ಮನುಷ್ಯ. ಆ ಕೊನೆಯ ಮನುಷ್ಯನಿಗೆ ನಮ್ಮಪ್ಪನ ಮುಖ ಕೊಟ್ಟೆ. ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಅಪ್ಪ ದೇವಣಗಾಂವದ ಸುತ್ತ ಕುರಿ ಕಾಯುತ್ತಿದ್ದ, ಈಗಿಲ್ಲ. ನನ್ನನ್ನು ಸಾಲೆಗೆ ಬಿಡಲು ಬಂದರೆ ಗೇಟಿನ ಹೊರಗೇ ನಿಲ್ಲುತ್ತಿದ್ದ. ಅವನ್ಯಾರು ಎಂದು ಗೆಳೆಯರು ಕೇಳಿದರೆ ನಾನು ನಮ್ಮೂರವನು ಎನ್ನುತ್ತಿದ್ದೆ, ಅಷ್ಟೇ. ಆ ನಾಚಿಕೆಗೆ ಈಗ ನನಗೇ ನಾಚಿಕೆ. ಗೇಟಿನ ಹೊರಗೆ ನಿಂತವನನ್ನು ಸಾಲೆಯೊಳಗೆ ತಂದು ಎಲ್ಲರಿಗಿಂತ ಮುಂದೆ ನಿಲ್ಲಿಸಬೇಕು ಎಂಬುದು ನನ್ನ ಹಟವಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಆ ವರ್ಷವೇ ತಾಳಿಕೋಟೆಯಿಂದ ಹೊಸ ವಿಜ್ಞಾನದ ಟೀಚರ್ ಬಂದಿದ್ದರು. ನನ್ನ ಮಗಳ ವಯಸ್ಸು. ಒಂದು ಮುಂಜಾನೆ ಬಸ್ಸಿಳಿದವರು ಹೆಗಲ ಚೀಲವನ್ನೂ ಇಳಿಸದೆ ಗೋಡೆಯ ಮುಂದೆ ನಿಂತರು.

"ಸರ್, ನಿಮ್ಮ ಕೈ ಭಾಳ ಚಲೋ ಐತ್ರಿ. ಆದ್ರ ಚಿತ್ರ ತಪ್ಪೈತ್ರಿ."

"ಕಾಲೇನರ ಕಡಿಮಿ ಬಿದ್ದಾವೇನ್ರಿ ಮೇಡಂ?" ಎಂದೆ. ಸಿಂದಗಿಯ ಅನುಭವ.

"ಕಾಲ ಸರಿ ಅದಾವ್ರಿ. ಹಿಂಗ ಒಬ್ಬರ ಹಿಂದ ಒಬ್ಬರನ್ನ ನಿಲ್ಲಿಸಿದ್ದ ತಪ್ಪು. ಮಂಗ್ಯಾ ಮನಷ್ಯಾ ಆಗಿಲ್ರಿ."

ಅಷ್ಟರಲ್ಲಿ ಹೆಡ್ ಮಾಸ್ತರು ಬಂದರು. "ನಾನೂ ಅದನ್ನ ಕೇಳಾಕತ್ತೇನಿ ನೋಡ್ರಿ. ಮಂಗ್ಯಾ ಮನಷ್ಯಾ ಆಗಿದ್ರ ಈಗಿನ ಮಂಗ್ಯಾಗಳು ಯಾಕ ಆಗಂಗಿಲ್ಲ?"

"ಮಂಗ್ಯಾ ನಮ್ಮ ಅಜ್ಜ-ಮುತ್ಯಾ ಅಲ್ರಿ ಸರ್, ಕಾಕಾನ ಮಗ ಇದ್ದಂಗ. ಇಬ್ಬರಿಗೂ ಮುತ್ಯಾ ಒಬ್ಬನ ಇದ್ದ, ಅಂವ ಈಗಿಲ್ಲ. ನಿಮ್ಮ ಕಾಕಾನ ಮಗ ಎಂದಾರ ನೀವಾಗ್ತಾನೇನ್ರಿ?"

"ಬ್ಯಾಡವಾ, ಊರಿಗೆ ನಾ ಒಬ್ಬನ ಸಾಕು" ಎಂದು ಹೆಡ್ ಮಾಸ್ತರು ನಕ್ಕರು. "ಹೋಗ್ಲಿ ಬಿಡ್ರಿ, ಚಂದ ಐತಿ, ಇರಲಿ."

ನಾನು ತಕ್ಷಣ ಹೆಡ್ ಮಾಸ್ತರ ಪಕ್ಷ ಸೇರಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಈಕೆಯದೂ ಅದೇ ಕಥೆ ಎಂದುಕೊಂಡೆ. ನಾಲ್ಕು ದಿನ ಸ್ಟಾಫ್ ರೂಮಿನಲ್ಲಿ ಆಕೆಗೆ ಬೆನ್ನು ಹಾಕಿಯೇ ಚಹಾ ಕುಡಿದೆ.

ಐದನೆಯ ದಿನ ಊಟದ ಬಿಡುವಿನಲ್ಲಿ ಸ್ಟೂಲು ಹತ್ತಿ ಅಪ್ಪನ ರುಮಾಲನ್ನು ತಿದ್ದುತ್ತಿದ್ದೆ. ಎಂಟನೆಯ ಇಯತ್ತೆಯ ಇಬ್ಬರು ಹುಡುಗಿಯರು ತಾಟು ಹಿಡಿದು ಚಿತ್ರ ನೋಡುತ್ತ ನಿಂತಿದ್ದರು. ಒಬ್ಬಳು ನಡುವಿನವನ ಮೇಲೆ ಬೆರಳಿಟ್ಟಳು. ಅರ್ಧ ಬಾಗಿದ ಬೆನ್ನು, ಕೈಯಲ್ಲಿ ಕೋಲು.

"ಇಂವ ನಮ್ಮ ಹೊಲಕ್ಕ ಕುರಿ ಹೊಡಕೊಂಡ ಬರೋ ಮುತ್ಯಾನಂಗ ಅದಾನ ನೋಡ."

"ಹೌದಲ್ಲ! ಅಂವ ಇನ್ನೂ ಪೂರಾ ಮನಷ್ಯಾ ಆಗಿಲ್ಲ."

ಇಬ್ಬರೂ ನಕ್ಕು ತಾಟು ತೊಳೆಯಲು ಹೋದರು. ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ನಾನು ಸ್ಟೂಲಿನಿಂದ ಇಳಿದು ಆ ನಡುವಿನವನ ಮುಂದೆ ನಿಂತೆ. ಆ ಬಾಗಿದ ಬೆನ್ನು ನನಗೆ ಎಲ್ಲಿಂದ ಸಿಕ್ಕಿತ್ತು ಎಂಬುದು ಆಗ ಹೊಳೆಯಿತು. ಕೊನೆಯ ವರ್ಷಗಳಲ್ಲಿ ಅಪ್ಪ ಹಾಗೆಯೇ ಬಾಗಿದ್ದ. ಪ್ರಾಯದ ಅಪ್ಪನನ್ನು ತುದಿಗೆ ನಿಲ್ಲಿಸುವ ಸಡಗರದಲ್ಲಿ, ಮುದುಕನಾದ ಅಪ್ಪನನ್ನು ಮಂಗಕ್ಕೂ ಮನುಷ್ಯನಿಗೂ ನಡುವೆ ಬಿಟ್ಟಿದ್ದೆ. ಹುಡುಗಿಯರ ಮೇಲೆ ಸಿಟ್ಟು ಬಂತು, ಅರೆಗಳಿಗೆ. ನಾನು ಬರೆದದ್ದನ್ನೇ ಅವರು ಓದಿದ್ದರು.

ನೇರವಾಗಿ ಟೀಚರ್ ಹತ್ತಿರ ಹೋಗಿ, "ಅಳಸೂಣ್ರಿ. ಏನ್ ತಗೀಬೇಕು ಹೇಳ್ರಿ" ಎಂದೆ. ಆಕೆ ಯಾಕೆ ಏನು ಎಂದು ಕೆದಕಲಿಲ್ಲ. ಒಂದು ಗಿಡ ಬೇಕು, ಒಂದೇ ಬೊಡ್ಡೆಯಿಂದ ಟೊಂಗೆಗಳು ಒಡೆಯಬೇಕು, ಟೊಂಗೆಯ ತುದಿಗೊಂದು ಜೀವಿ ಕೂರಬೇಕು ಎಂದರು. ಬೇವು ಬೇಡ, ಅದಕ್ಕೊಂದು ನೆತ್ತಿ ಇರುತ್ತದೆ, ಹೆಡ್ ಮಾಸ್ತರು ಮನುಷ್ಯನನ್ನು ಅಲ್ಲಿಗೇ ಹತ್ತಿಸುತ್ತಾರೆ ಎಂದೆ. ನಮ್ಮ ಹೊಲದ ಬದುವಿನ ಜಾಲಿಗಿಡ ಬರೆಯೋಣ, ಅದರ ತಲೆ ಕೊಡೆಯ ಹಾಗೆ ಹರಡಿಕೊಂಡಿರುತ್ತದೆ, ತುದಿಗಳೆಲ್ಲ ಒಂದೇ ಸಮ ಎಂದೂ ಹೇಳಿದೆ.

"ಅದ ಬೇಕಾಗಿತ್ರಿ ಸರ್!" ಎಂದು ಆಕೆ ಚಪ್ಪಾಳೆ ತಟ್ಟಿದರು. "ಇವತ್ತು ಜೀವಂತ ಇದ್ದಾವೆಲ್ಲಾ ತುದಿಯೊಳಗ. ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ."

ಹಬ್ಬದ ರಜೆಯಲ್ಲಿ ಇಬ್ಬರೂ ಬಿಳಿ ಪೇಂಟಿನ ಬಕೆಟ್ ಹಿಡಿದು ನಿಂತೆವು. ಮಂಗನೂ ಬಾಗಿದವರೂ ಒಂದೇ ಕೈ ಬಣ್ಣಕ್ಕೆ ಮುಚ್ಚಿಹೋದರು. ಅಪ್ಪನಿಗೆ ಎರಡು ಕೈ ಬೇಕಾಯಿತು. ಮೊದಲ ಕೈ ಒಣಗಿದ ಮೇಲೂ ಅವನ ಕಣ್ಣುಗಳು ಕಾಣುತ್ತಿದ್ದವು. ನಾನು ಅತ್ತುಬಿಟ್ಟೆ. ಟೀಚರ್ ನೀರು ತರುತ್ತೇನೆಂದು ಹೋದವರು ಬೇಕೆಂದೇ ತಡಮಾಡಿ ಬಂದರು.

ಜಾಲಿಗಿಡದಲ್ಲಿ ಮನುಷ್ಯನನ್ನು ಕುರಿಯ ಪಕ್ಕ ಕೂರಿಸೋಣ ಎಂದು ಕೇಳಿದೆ. ಆಕೆ ಒಪ್ಪಲಿಲ್ಲ. ಮನುಷ್ಯನ ಪಕ್ಕ ಬರಬೇಕಾದದ್ದು ಚಿಂಪಾಂಜಿಯಂತೆ. ಕುರಿಯ ಟೊಂಗೆ ಆಚೆ, ಆಕಳ ಜೊತೆ. ಅದಕ್ಕೂ ಬೀಗರು ಯಾರೆಂದರೆ ತಿಮಿಂಗಿಲ! ಬಾಗೇವಾಡಿಯಲ್ಲಿ ಮೀನುಗಳ ಜೊತೆ ಬಿಟ್ಟುಬಂದದ್ದು ನಮ್ಮಪ್ಪನ ಕುರಿಗಳ ಬಳಗ ಎಂದು ತಿಳಿದು ಹೊಟ್ಟೆ ಹಿಡಿದು ನಕ್ಕೆ.

ಚಿಂಪಾಂಜಿಯ ಪಕ್ಕದ ತುದಿಯಲ್ಲಿ ಅಪ್ಪನನ್ನು ಬರೆದೆ. ಗೇಣುದ್ದ, ಈ ಸಲ ಬೆನ್ನು ಬಾಗಿದವನನ್ನೇ. ಆಚೆಯ ತುದಿಯಲ್ಲಿ ಕುರಿ, ಅದೇ ಎತ್ತರಕ್ಕೆ.

ರಜೆ ಮುಗಿದ ಸೋಮವಾರ ಹೆಡ್ ಮಾಸ್ತರು ಕನ್ನಡಕ ಏರಿಸಿಕೊಂಡು ನೋಡಿದರು. ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲ ಅಲ್ಲೇ ಇದ್ದರು. "ಇದೇನ್ರಿ, ಮನಷ್ಯಾನ್ನ ತಂದು ಕುರಿ ಸಮಕ್ಕ ನಿಲ್ಲಿಸೀರಿ? ಅದೂ ಬೆನ್ನ ಬಾಗಿದಾವನ್ನ? ಯಾರ್ರಿ ಇಂವ?"

"ನಮ್ಮಪ್ಪರಿ," ಎಂದೆ, ಹಿಂದಿನ ಸಾಲಿಗೂ ಕೇಳುವಷ್ಟು ಜೋರಾಗಿ. "ಕುರಿ ಕಾಯ್ತಿದ್ದ. ಎಷ್ಟ್ ದೂರ ನಡದು ಬಂದಿ ಅಂತ ಯಾರರ ಕೇಳಿದ್ರ, ಕುರಿ ನಡದಷ್ಟ ಅಂತಿದ್ದ."