ನಾನು ಬಿಚ್ಚಿದ ಕೆಂಪು ಪಟ್ಟಿ

ನಮ್ಮ ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳಿನಿಂದಲೇ ಅವತ್ತು ಒಂದು ಹೈಬ್ರಿಡ್ ಕಾರಿನ ಸ್ಟೇರಿಂಗಿಗೆ ಕೆಂಪು ಬಟ್ಟೆಪಟ್ಟಿ ಬಿಗಿಯುತ್ತಿದ್ದರು. ಅರಿಶಿನಕುಂಟೆಯ ಗ್ಯಾರೇಜಿನಲ್ಲಿ ಇದ್ದವರು ಅವರು, ನಾನು, ಕಾರಿಗಾಗಿ ಕಾದಿದ್ದ ಗಿರಾಕಿ. ಓನರು ಎಲ್ಲೋ ಹೋಗಿದ್ದರು. ಪಟ್ಟಿ ಕಟ್ಟಿದ ಗಾಡಿಯ ಕಂಪ್ಯೂಟರಿನಲ್ಲಿರುವುದನ್ನು ಯಾರೂ ಅಳಿಸಬಾರದು, ಗಾಡಿಯನ್ನೂ ಬಿಡಬಾರದು. ಅದು ಮೇಸ್ತ್ರಿ ಮಾಡಿದ ಕಟ್ಟಳೆ.

ಲಾರಿ ಗೇರ್‌ಬಾಕ್ಸ್ ಬಿಚ್ಚಿ ಬೆಳೆದವರು, ಐವತ್ತು ದಾಟಿದ ಮೇಲೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಿಡಿದರು. ನನಗೆ ಕೆಲಸ ಕಲಿಸಿದವರೂ ಅವರೇ.

"ಪೆಟ್ರೋಲ್ ಇಂಜಿನ್ನೂ ಕರೆಂಟ್ ಮೋಟ್ರೂ ಒಂದೇ ಗೇರ್‌ಬಾಕ್ಸಿಗೆ ಹೆಗಲು ಕೊಡ್ತವೆ ಕಣಪ್ಪ. ಹೇಳಿದಷ್ಟು ಸುತ್ತಿದ್ವಾ ಅಂತ ಕಂಪ್ಯೂಟ್ರು ನೋಡ್ತಾನೇ ಇರುತ್ತೆ. ಒಂದ್ಸಲ ತಪ್ಪಿದ್ರೆ ಸುಮ್ನೆ ಬರ್ಕೊಳುತ್ತೆ. ಮುಂದಿನ ಓಡಾಟದಲ್ಲೂ ತಪ್ಪಿದ್ರೆ ದೀಪ ಹಾಕುತ್ತೆ. ಮೊದಲ್ನೇದನ್ನ ನಾವು ಅಳಿಸ್ಬಿಟ್ರೆ, ಪಾಪ, ಅದು ಮತ್ತೆ ಮೊದಲಿಂದ ಶುರು ಮಾಡ್ಬೇಕು."

ಆ ಕಾರು ಒಂದು ಸಲ ಬರೆದುಕೊಂಡಿತ್ತು, ದೀಪ ಹತ್ತಿರಲಿಲ್ಲ. "ನಾಳೆ ಓಡ್ಸಿ ನೋಡ್ತೀನಿ," ಅಂದು ಮೇಸ್ತ್ರಿ ಊಟಕ್ಕೆ ಹೋದರು.

ಗಿರಾಕಿ ನನ್ನ ಹೆಗಲ ಮೇಲೆ ಕೈ ಹಾಕಿದ. "ಗುರು, ಬೆಳಿಗ್ಗೆ ಅಮ್ಮನ್ನ ತುಮಕೂರಿಗೆ ಕರ್ಕೊಂಡು ಹೋಗ್ಬೇಕು. ಮುದುಕಪ್ಪಂದು ಇದ್ದದ್ದೇ. ನೀನು ಹುಷಾರಿದ್ದೀಯ, ನೋಡು."

ಹುಷಾರು ಅನ್ನಿಸಿಕೊಳ್ಳುವ ಚಪಲ ನನಗೆ. ಪಟ್ಟಿ ಬಿಚ್ಚಿ ಜೇಬಿಗೆ ತುರುಕಿ, ಬರೆದಿದ್ದನ್ನು ಅಳಿಸಿ, ಕಾರು ಕೊಟ್ಟು ಕಳಿಸಿದೆ.

ಮೇಸ್ತ್ರಿ ಬಂದು ಖಾಲಿ ಜಾಗ ನೋಡಿದರು. "ಓಡ್ಸಿ ನೋಡ್ದೇನಪ್ಪಾ?"

"ಹೂಂ ಮೇಸ್ತ್ರಿ, ಸರಿಯಿದೆ."

ನಂಬಿದರು.

ಮರುದಿನ ಹೆದ್ದಾರಿಯ ನಡುವೆ, ದೀಪವೂ ಹತ್ತದೆ, ಆ ಕಾರಿನ ಎಳೆತ ತಟ್ಟನೆ ಬಿದ್ದುಹೋಗಿತ್ತು. ಹಿಂದಿದ್ದ ಲಾರಿ ಕೂದಲೆಳೆಯ ಅಂತರದಲ್ಲಿ ಪಕ್ಕಕ್ಕೆ ಸರಿದಿತ್ತು. ಒಳಗೆ ಗಿರಾಕಿಯ ತಾಯಿಯೂ ಇದ್ದರಂತೆ. ಗಿರಾಕಿ ಫೋನಿನಲ್ಲಿ ಬೈದದ್ದನ್ನೆಲ್ಲ ಓನರು ನಮ್ಮ ಮೇಲೆ ಸುರಿದರು. "ಯಾಕ್ಲಾ ಬಿಟ್ಟೆ ಗಾಡಿನ?"

"ಪಟ್ಟಿ ಇರ್ಲಿಲ್ಲ ಸಾರ್," ಅಂದೆ. ಪಟ್ಟಿ ಇನ್ನೂ ನನ್ನ ಜೇಬಿನಲ್ಲೇ ಇತ್ತು.

ಮೇಸ್ತ್ರಿ ನನ್ನನ್ನೇ ನೋಡಿದರು. ಆಮೇಲೆ ಓನರ ಕಡೆ ತಿರುಗಿ, "ಕಟ್ಟೋದು ಮರ್ತಿರ್ಬೇಕು ಸಾರ್. ವಯಸ್ಸಾಯ್ತು," ಅಂದರು.

ಓನರು ಅವರ ಕೈಯಿಂದ ಸ್ಕ್ಯಾನರ್ ಕಿತ್ತುಕೊಂಡು ನನಗೆ ಕೊಟ್ಟರು. ಅವರನ್ನು ಹೊರಗೆ, ಲಾರಿಗಳಿಗೆ ಗ್ರೀಸ್ ಹಾಕಲು ಹಚ್ಚಿದರು. ಮಧ್ಯಾಹ್ನ ಗ್ರೀಸು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು, "ಊಟ ಆಯ್ತೇನಪ್ಪಾ?" ಅಂತ ಕೇಳಿದರು. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಿಜ ಹೇಳಲು ಎರಡು ವರ್ಷ ಸಮಯವಿತ್ತು. ಹೇಳಲಿಲ್ಲ.

ಹೋದ ಕಾರ್ತಿಕದಲ್ಲಿ ಮೇಸ್ತ್ರಿ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಅವರ ಹೆಂಡತಿ ನನ್ನ ಗುರುತು ಹಿಡಿದರು.

"ನೀನೇ ಅಲ್ವೇನಪ್ಪಾ ಅವರ ಹತ್ರ ಕಲ್ತೋನು? ನಿನ್ನ ಕೈಗೆ ಗಾಡಿ ಕೊಟ್ರೆ ಭಯ ಇಲ್ಲ ಅಂತಿದ್ರು. ಕೂತ್ಕೋ, ಉಂಡ್ಕೊಂಡ್ ಹೋಗು."

ಪಂಕ್ತಿಯಲ್ಲಿ ಕೂತೆ. ಯಾರೋ ಎಲೆಗೆ ಪಾಯಸ ಬಡಿಸಿದರು. ಉಂಡು, ಕೈ ತೊಳೆದುಕೊಂಡು, ಅವರಿಗೂ ಏನೂ ಹೇಳದೆ ಬಂದುಬಿಟ್ಟೆ.