ಕತ್ತಿಗೆ ತೊಡಿಸಿದ ಬಳೆ

ವಸ್ತಾದರ ಎರಡೂ ಕಿವಿಗಳು ಮುದುಡಿ, ಎಣ್ಣೆಗೆ ಬಿಟ್ಟ ಸಂಡಿಗೆಯ ಹಾಗೆ ಗಂಟುಗಂಟಾಗಿದ್ದವು. ಹರೆಯದಲ್ಲಿ ಕುಸ್ತಿ ಹಿಡಿದವರ ಕಿವಿ ಹಾಗೇ ಆಗುತ್ತದೆ. ಆದರೆ ಅವರ ಎದುರಿಗೆ ನಿಂತವರಿಗೆ ಆ ಕಿವಿಗಳನ್ನು ನೋಡುವ ಪುರುಸೊತ್ತು ಸಿಗುತ್ತಿರಲಿಲ್ಲ. ಬಂದವರ ಕೈ ಹಿಡಿದು, ಅಂಗೈ ಕೆಳಗೆ ಮಾಡಿ, ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ಮುಖದ ಕಡೆ ಲಕ್ಷ್ಯ ಹೋಗುತ್ತಿದ್ದುದು ಆಮೇಲೆ. ನಮ್ಮ ಅಕ್ಕನನ್ನು ನೋಡಲು ರಾಯಬಾಗದ ಕಡೆಯಿಂದ ಬಂದ ವರನಿಗೂ ಇದು ತಪ್ಪಲಿಲ್ಲ. ಪಾಪ, ಅವನು ಕೈ ಕೊಟ್ಟುಕೊಂಡು ಪಿಳಿಪಿಳಿ ನೋಡುತ್ತ ಕೂತಿದ್ದ. "ಗೆಣ್ಣು ಗಟ್ಟಿ ಅದಾವ, ಕೊಡ್ರಿ ಹುಡುಗೀನ" ಎಂದು ವಸ್ತಾದರು ಅಪ್ಪನಿಗೆ ಹೇಳಿದರು. ಸಂಬಂಧ ಕುದುರಿತು.

ಅಥಣಿಯಿಂದ ತೆಲಸಂಗದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಅವರು ಕೋಲು ಮತ್ತು ಕತ್ತಿವರಸೆ ಕಲಿಸುತ್ತಿದ್ದರು; ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಹಗಲೆಲ್ಲ ಆಡು ಕಾಯುವುದು, ಮಳೆ ನಂಬಿದ ತುಂಡು ಹೊಲದಲ್ಲಿ ಜೋಳ ಬೆಳೆಯುವುದು, ಸಂಜೆಯಾದರೆ ಧೋತರದ ಕಚ್ಚೆ ಬಿಗಿದು ತಾಲೀಮಿಗೆ ಬರುವುದು. ನಾನು ಅವರ ಹತ್ತಿರ ಕಲಿಯಲು ಹೋದದ್ದು ಎಂಬತ್ತರ ದಶಕದಲ್ಲಿ, ಕಾಲೇಜು ಬಿಟ್ಟು ಅಪ್ಪನ ದ್ರಾಕ್ಷಿ ತೋಟಕ್ಕೆ ನಿಂತ ಮೇಲೆ. ನಮ್ಮ ಭಾಗದಲ್ಲಿ ದ್ರಾಕ್ಷಿ ಆಗಿನ್ನೂ ಹೊಸ ಹುಚ್ಚು. ವಸ್ತಾದರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. "ಚಪ್ಪರ ಹಾಕಿ ಮಾಡೂದು ಮದುವಿ ಅಂತ ತಿಳಕೊಂಡಿದ್ದೆ. ನಿಮ್ಮಪ್ಪ ಬೆಳೀನೂ ಮಾಡಾಕತ್ತಾನಲ್ಲೋ ತಮ್ಮಾ" ಎಂದು ಕಾಡಿಸುತ್ತಿದ್ದರು.

ಹೊಸದಾಗಿ ಬಂದವರಿಗೆ ಕೋಲು ಕೊಡುವ ಮೊದಲು ಅವರು ಒಂದು ಮಾತು ಹೇಳುತ್ತಿದ್ದರು. ನನಗೂ ಹೇಳಿದರು. "ನನ್ನ ಕೈಲೆ ಒಬ್ಬನ ಎರಡು ಬೆರಳು ಹೋಗ್ಯಾವ. ಇದನ್ನ ಮನ್ಯಾಗ ಹೇಳಿ ಬಾ. ಆಮ್ಯಾಲೂ ಕಳಸ್ತಾರಂದ್ರ ಕಲಸ್ತೀನಿ." ಹರೆಯದಲ್ಲಿ ಖಂಡೆ ಪೂಜೆಯ, ಅಂದರೆ ದಸರೆಯ ಆಯುಧಪೂಜೆಯ, ದಿನದ ಆಟದಲ್ಲಿ ಅವರ ಕತ್ತಿ ಎದುರಾಳಿಯ ಅಲಗಿನ ಮೇಲೆ ಜಾರಿ, ಅವನ ಮುಷ್ಟಿಗೆ ಇಳಿದಿತ್ತಂತೆ. ಆ ಗೆಳೆಯ ಊರಿನ ದರ್ಜಿ. ಬೆರಳು ಹೋದ ಮೇಲೆ ಹೊಲಿಗೆ ಕೈಬಿಟ್ಟು ಸಾಂಗಲಿಗೆ ಹೋದವನು ಮತ್ತೆ ಊರ ಕಡೆ ಮುಖ ಹಾಕಲಿಲ್ಲ. ವಸ್ತಾದರು ಈ ಕಥೆಯನ್ನು ಮುಚ್ಚಿಡಲಿಲ್ಲ, ಬಣ್ಣ ಹಚ್ಚಿಯೂ ಹೇಳಲಿಲ್ಲ.

ತಾಲೀಮಿನ ಹಳೆಯ ಕತ್ತಿಗಳಿಗೆ ಹಿಡಿಕೆಯ ಮುಂದೆ ಒಂದು ಗಿಡ್ಡ ಅಡ್ಡಪಟ್ಟಿ, ಹಿಂದೆ ಒಂದು ತಟ್ಟೆ, ಅಷ್ಟೇ. ನಡುವೆ ಹಿಡಿದ ಬೆರಳುಗಳು ಬಯಲಿಗೇ ಇರುತ್ತಿದ್ದವು. ಆಟಕ್ಕೆಂದು ಅಲಗನ್ನು ಮೊಂಡು ಮಾಡಿದ್ದರೂ ಬೀಸಿ ಬಂದ ಕಬ್ಬಿಣ ಬೆರಳನ್ನು ಉಳಿಸುವುದಿಲ್ಲ. ಅಡ್ಡಪಟ್ಟಿಯಿಂದ ಹಿಂದಿನ ತಟ್ಟೆಯವರೆಗೆ ಬೆರಳುಗಳ ಮುಂದೆ ಬಾಗಿದ ಒಂದು ಕಬ್ಬಿಣದ ಪಟ್ಟಿ ಕೂರಿಸಬೇಕು ಎಂಬುದು ವಸ್ತಾದರ ಹಂಬಲವಾಗಿತ್ತು. ಅದನ್ನು ಅವರು ಬಳೆ ಎಂದು ಕರೆಯುತ್ತಿದ್ದರು.

ಆ ಬಳೆಗಾಗಿ ಅವರು ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ಮೊದಲು ತೊಗಲು ಹೊಲಿಸಿ ನೋಡಿದರು, ಏಟಿಗೆ ಒಳಗೆ ಬಗ್ಗಿತು. ಆಮೇಲೆ ತಗಡು ತಂದರು, ಅದು ಕೈಯನ್ನೇ ಕೊಯ್ದಿತು. ಕೊನೆಗೆ ಹಳೆಯ ಚಕ್ಕಡಿಯ ಪಟ್ಟಿಯೊಂದನ್ನು ಕಂಬಾರನಿಂದ ಬಡಿಸಿ ತೆಳ್ಳಗೆ ಮಾಡಿಸಿದರು. ಬಳೆ ಬೆರಳಿಗೆ ತೀರ ಹತ್ತಿರ ಇದ್ದರೆ ಏಟು ಗೆಣ್ಣಿಗೇ ತಾಗುತ್ತದೆ. ದೂರವಾದರೆ ಕತ್ತಿಯ ತೂಕ ತಪ್ಪಿ ಕೈ ಸೋಲುತ್ತದೆ. ಸರಿಯಾದ ಅಂತರ ಕಂಡುಹಿಡಿಯಲು ಗೋಧಿಹಿಟ್ಟಿನ ಕಣಕದಿಂದ ತಮ್ಮ ಗೆಣ್ಣಿಗೆ ಶೇಂಗಾಕಾಯಿ ಅಂಟಿಸಿಕೊಂಡರು. ಬಳೆಯನ್ನು ಹಿಡಿಕೆಗೆ ತಂತಿಯಿಂದ ಬಿಗಿದುಕೊಂಡು ನನ್ನ ಮುಂದೆ ಕೈ ಚಾಚಿ, "ಹೊಡಿ ಕೋಲಿಲೆ" ಎಂದರು. ನಾನು ಹಿಂದೆಮುಂದೆ ನೋಡಿದೆ. "ಅಂಜಬ್ಯಾಡೋ, ಒಡದ್ರ ಶೇಂಗಾ ಒಡೀತೈತಿ" ಎಂದು ಗದರಿದರು. ಹೊಡೆದೆ. ಶೇಂಗಾ ಪುಡಿಯಾಯಿತು. ಪಟ್ಟಿಯನ್ನು ಇನ್ನಷ್ಟು ಬಾಗಿಸಿ ತಂದರು, ಮತ್ತೆ ಹೊಡೆದೆ. ಹಲವು ಸಂಜೆಗಳ ಮೇಲೆ ಒಂದು ದಿನ ಕಾಯಿ ಸಿಪ್ಪೆ ಕೂಡ ಬಿರಿಯದೆ ಉಳಿಯಿತು. ವಸ್ತಾದರು ಅದನ್ನು ಗೆಣ್ಣಿನಿಂದ ಬಿಡಿಸಿ, ಸುಲಿದು, ಒಂದು ಕಾಳು ನನಗೆ ಕೊಟ್ಟು ಒಂದನ್ನು ತಾವು ತಿಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ಕಾಣಲಿಲ್ಲ.

ಆದರೆ ಬಳೆಯನ್ನು ಕಾಯಂ ಕೂರಿಸಲು ತಾಲೀಮಿನ ಹಿರಿಯರ ಒಪ್ಪಿಗೆ ಬೇಕು. ಸಭೆಯಲ್ಲಿ ದೊಡ್ಡ ನಗೆಯೆದ್ದಿತು. "ಕತ್ತಿಗೆ ಬಳಿ ತೊಡಸ್ತೀಯೇನೋ? ಹಂಗಾರ ಕುಂಕುಮಾನೂ ಹಚ್ಚು, ಉಡಿ ತುಂಬೂಣು" ಎಂದರು ಹಿರಿಯರೊಬ್ಬರು. ವಸ್ತಾದರು ಸೋಲಲಿಲ್ಲ, ಕೈ ಮುಗಿದು ಮುಗಿದು ಕೇಳಿದರು. ಕೊನೆಗೆ ಹಿರಿಯರು ಒಂದೇ ಕತ್ತಿಗೆ ಮಾಡಿಸಲು ಒಪ್ಪಿದರು, ಅದೂ ಒಂದು ಕಟ್ಟಳೆ ಹಾಕಿ. "ಪೂಜಾ ಆದ ಆಯುಧ ಗಂಡಹೆಂಡ್ತಿ ಇದ್ದಂಗ. ಅಲಗು, ಹಿಡಿಕಿ ಬ್ಯಾರೆ ಮಾಡಬಾರದು. ಜೋಡಿ ಬಿಡಸದಂಗ ಏನ್ ಬೇಕಾದ ಮಾಡ್ಕೋ."

ಅಲ್ಲೇ ಎಡವಟ್ಟಾಯಿತು. ಆ ಕತ್ತಿಗಳಲ್ಲಿ ಹಿಡಿಕೆಯ ಒಳಗೆ ಪೊಳ್ಳು ಇರುತ್ತದೆ. ಅದಕ್ಕೆ ಅರಗು ಕರಗಿಸಿ ಸುರಿದು, ಅಲಗಿನ ಬಾಲವನ್ನು ಅದರಲ್ಲಿ ನಿಲ್ಲಿಸಿರುತ್ತಾರೆ. ಹಿಡಿಕೆಗೆ ಬೆಂಕಿ ತೋರಿಸುವ ಮೊದಲು ಅಲಗನ್ನು ಹೊರಗೆ ತೆಗೆಯಲೇಬೇಕು. ಹಿರಿಯರಿಗೆ ಮಾತು ಕೊಟ್ಟಿದ್ದ ವಸ್ತಾದರು ತೆಗೆಯಲಿಲ್ಲ. ಅಲಗಿಗೆ ಒದ್ದೆ ಗೋಣಿಚೀಲ ಸುತ್ತಿಕೊಂಡು ಅಥಣಿಯ ವೆಲ್ಡಿಂಗ್ ಅಂಗಡಿಗೆ ಹೋಗಿ, ಹಿಡಿಕೆಗೆ ಮಾತ್ರ ಬೆಂಕಿ ಹಿಡಿಸಿ, ಬಳೆ ಬೆಸೆಸಿಕೊಂಡು ಬಂದರು. ಆರಿದ ಮೇಲೆ ಜಗ್ಗಿ ನೋಡಿದರು, ಗಟ್ಟಿಯಾಗೇ ಇತ್ತು. ಒಳಗೆ ಅರಗು ಸುಟ್ಟು ಕರಕಲಾದದ್ದು ಹೊರಗೆ ಕಾಣುವುದಾದರೂ ಹೇಗೆ?

ಖಂಡೆ ಪೂಜೆಯ ದಿನ ಊರೆಲ್ಲ ಸೇರಿತ್ತು. ಬಳೆಯ ಕತ್ತಿಯನ್ನು ವಸ್ತಾದರೇ ಹಿಡಿದರು. ಎದುರಿಗೆ ನಾನು. ಹಲಗೆ ವಾದ್ಯದ ಬಡಿತ ಏರುತ್ತಿತ್ತು. ಅವರು ತಲೆಯ ಮೇಲಿಂದ ಬೀಸಿದ ಒಂದು ಬೀಸಿಗೆ ಅಲಗು ಹಿಡಿಕೆಯಿಂದ ಕಿತ್ತುಕೊಂಡು ನನ್ನ ತಲೆಯ ಮೇಲೆ ಹಾರಿ, ಹಲಗೆಯವರ ಕಾಲ ಬಳಿ ಮಣ್ಣಿನಲ್ಲಿ ನೆಟ್ಟು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ವಸ್ತಾದರು ಬರೀ ಹಿಡಿಕೆ, ಬಳೆ ಹಿಡಿದು ನಿಂತಿದ್ದರು. ಇಡೀ ಬಯಲು ನಕ್ಕಿತು. "ದೇವಿ ಒಲ್ಲೆ ಅಂದ್ಲು ನೋಡ್ರಿ. ಇದನ್ನ ಇನ್ನ ಮ್ಯಾಲ ಪೂಜಾಕ ಇಡಬ್ಯಾಡ, ಮನೀಗೆ ಒಯ್ಯಿ" ಎಂದರು ಹಿರಿಯರು.

ಅಂದಿನಿಂದ ಅವರಿಗೆ ಹಾರೂ ಕತ್ತಿ ವಸ್ತಾದ ಎಂಬ ಹೆಸರು ಬಿತ್ತು. ಚಹಾದ ಅಂಗಡಿಗೆ ಬಂದರೆ ಜನ ತಲೆ ಬಗ್ಗಿಸಿ ಕೂರುತ್ತಿದ್ದರು, ಏನೋ ಹಾರಿ ಬರುತ್ತದೆ ಎಂಬಂತೆ. ಅವರೂ ನಗುತ್ತಿದ್ದರು. ಎಷ್ಟು ಸಲ ನಗಲಾದೀತು? ಕ್ರಮೇಣ ಚಹಾ ಕುಡಿಯಲು ಬರುವುದನ್ನೇ ಬಿಟ್ಟರು. ಮನೆಯಲ್ಲಿ ಕತ್ತಿಯನ್ನು ಬಿಚ್ಚಿ, ಕರಕಲು ಕೆರೆದು, ಹೊಸ ಅರಗು ತುಂಬಿ, ಅಲಗನ್ನು ಮತ್ತೆ ಕೂರಿಸಿದರು. ಹಿತ್ತಲಿನ ಜಾಲಿಮರಕ್ಕೆ ದಿನಾ ಹೊಡೆದು ನೋಡಿದರು. ಮರದ ತೊಗಟೆ ಹೋಯಿತೇ ಹೊರತು ಕತ್ತಿ ಮಿಸುಕಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ಮುಂದಿನ ವರ್ಷ ಪೂಜೆ ಹತ್ತಿರ ಬಂದಾಗ ಅವರ ಮನೆಗೆ ಹೋಗಿ ಕೇಳಿದೆ. "ವಸ್ತಾದ್ರ, ಈ ಸಲ ಬಳಿ ಇರೂ ಕತ್ತಿ ನನಗ ಕೊಡ್ರಿ. ನಾ ಹಿಡಿತೀನಿ. ಹಿರ್‍ಯಾರಿಗೆ ನಾ ಹೇಳ್ತೀನಿ."

ಅವರು ಆಡಿನ ಮರಿಗೆ ಹಾಲು ಕುಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬ್ಯಾಡ ತಮ್ಮಾ. ಒಂದ್ ಸಲ ಕೈ ಕೊಟ್ಟ ಕತ್ತಿ ಅದು. ನಿನ್ನ ಕೈಯಾಗೂ ಬಿಟ್ರ ನಿಮ್ಮವ್ವಗ ನಾ ಏನ್ ಹೇಳ್ಲಿ?"

"ಗಟ್ಟಿ ಆಗೇತಲ್ರಿ ಈಗ."

"ಆಗೇತಿ. ಆದ್ರೂ ಬ್ಯಾಡ."

ಅವ್ವನ ಹೆಸರು ತೆಗೆದ ಮೇಲೆ ನಾನು ಒತ್ತಾಯ ಮಾಡಲಿಲ್ಲ. ಪೂಜೆಯ ದಿನ ತಾಲೀಮಿನ ಹಳೆಯ ಕತ್ತಿಯನ್ನೇ ಹಿಡಿದೆ. ಎದುರಿನ ಹುಡುಗನ ಏಟನ್ನು ತಡೆದೆ. ಅವನ ಅಲಗು ನನ್ನ ಅಲಗಿನ ಮೇಲೆ ಜಾರಿ, ಗಿಡ್ಡ ಅಡ್ಡಪಟ್ಟಿಯನ್ನು ದಾಟಿ ಮುಷ್ಟಿಗೆ ಇಳಿಯಿತು. ಅವನ ತಪ್ಪೇನೂ ಇರಲಿಲ್ಲ. ಮಿರಜಿನ ಆಸ್ಪತ್ರೆಯಲ್ಲಿ ಬಲಗೈಯ ತೋರುಬೆರಳು, ನಡುಬೆರಳುಗಳನ್ನು ಅರ್ಧಕ್ಕೆ ತೆಗೆದರು. ವಸ್ತಾದರು ಬಂದು ನನ್ನ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತರು. ಸ್ಟೂಲಿನ ಮೇಲೆ ಕೂರಿ ಎಂದರೆ ಕೂರಲಿಲ್ಲ.

ದಸರೆಯ ಹೊತ್ತಿಗೇ ನಮ್ಮಲ್ಲಿ ದ್ರಾಕ್ಷಿಯ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ. ಬಲಗೈಯಲ್ಲಿ ಕತ್ತರಿ ಹಿಡಿದು, ಬಳ್ಳಿಯ ಒಂದೊಂದು ಕಡ್ಡಿಯ ಕಣ್ಣು ನೋಡಿ ಕತ್ತರಿಸಬೇಕು. ತಪ್ಪಿದರೆ ಆ ವರ್ಷದ ಬೆಳೆ ಹೋದಂತೆ. ಕೈಗೆ ಪಟ್ಟಿ ಸುತ್ತಿಕೊಂಡು ನಾನು ಮನೆಗೆ ಬರುವಷ್ಟರಲ್ಲಿ ವಸ್ತಾದರು ನಮ್ಮ ತೋಟದಲ್ಲಿ ಅಪ್ಪನ ಪಕ್ಕ ಕತ್ತರಿ ಹಿಡಿದು ನಿಂತಿದ್ದರು. ದ್ರಾಕ್ಷಿಯ ಗಂಧಗಾಳಿ ಗೊತ್ತಿಲ್ಲದ ಮನುಷ್ಯ, ಅಪ್ಪನಿಂದ ಬೈಸಿಕೊಳ್ಳುತ್ತ ಕಲಿತರು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಬುತ್ತಿ ತರುತ್ತಿದ್ದರು. ತಾಲೀಮಿಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿದರು.

ಮರುವರ್ಷವೂ ಬಂದರು, ಅದರ ಮರುವರ್ಷವೂ ಬಂದರು. ಅಷ್ಟರಲ್ಲಿ ನಾನು ಉಂಗುರಬೆರಳಿನಿಂದ ಕತ್ತರಿ ಒತ್ತುವುದನ್ನು ಕಲಿತಿದ್ದೆ. "ಬಿಡ್ರಿ ವಸ್ತಾದ್ರ, ಆಗೂದಿತ್ತು ಆತು. ನಿಮ್ಮದೇನೂ ತಪ್ಪಿಲ್ಲ" ಎಂದು ನಾನೂ ಹೇಳಿದೆ, ಅಪ್ಪನೂ ಹೇಳಿದ. ಅವ್ವ ಅಂತೂ ಅವರನ್ನು ಕಂಡಾಗಲೆಲ್ಲ ಹೇಳುತ್ತಿದ್ದಳು. ನಾವು ಹಾಗೆಂದ ಪ್ರತಿ ಸಲವೂ ಅವರು ಇನ್ನಷ್ಟು ಬೇಗ ಬೇಗ ಕತ್ತರಿ ಆಡಿಸುತ್ತಿದ್ದರು. ನಾವು ಒಳ್ಳೆಯವರಾಗುವ ಭರದಲ್ಲಿ ಅವರ ಮುಖ ನೋಡಲಿಲ್ಲ ಎಂದು ಈಗ ಅನಿಸುತ್ತದೆ.

ತೊಂಬತ್ತರ ದಶಕದ ಒಂದು ಬೇಸಿಗೆಯ ಮೊದಲಿಗೆ ಅವರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಅವರ ಹೆಂಡತಿಯನ್ನು ಒಳಗೆ ಕಳಿಸಿ, ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಅವತ್ತು ನಿನಗ ಸುಳ್ಳ ಹೇಳಿದೆ" ಎಂದರು. "ನಿಮ್ಮವ್ವನ ಹೆಸರ ಹೇಳಿ ತಪ್ಪಿಸ್ಕೊಂಡೆ. ಕತ್ತಿ ಗಟ್ಟಿ ಐತಿ ಅಂತ ನನಗ ಖಾತ್ರಿ ಇತ್ತು. ನಾ ಅಂಜಿದ್ದು ಮಂದಿಗೆ. ಹಾರೂ ಕತ್ತಿ ವಸ್ತಾದ ಮತ್ತ ಬಳಿ ತಂದಾನ ಅಂತ ನಗತಾರಲ್ಲ, ಅದಕ್ಕ ಅಂಜಿದೆ. ನಿನ್ನ ಬೆರಳು ಹೋಗಿದ್ದು ನನ್ನ ಅಂಜಿಕಿಗೆ. ಹೌದೋ ಅಲ್ಲೋ, ನೀನ ಹೇಳು."

ಬಿಡ್ರಿ ವಸ್ತಾದ್ರ ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಅವರು ನನ್ನನ್ನೇ ನೋಡುತ್ತಿದ್ದರು. ಅವರ ಮುಂದೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಹೌದ್ರಿ" ಎಂದೆ.

ವಸ್ತಾದರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. "ಇಷ್ಟ ವರ್ಷಕ್ಕ ಒಬ್ಬ ಹೌದಂದ" ಎಂದರು. ಆಮೇಲೆ ಒಳಗೆ ಕೂಗಿ ನನಗೆ ಚಹಾ ಮಾಡಲು ಹೇಳಿದರು. ತಮಗೂ ಬೇಕೆಂದರು. ಅವರ ಮನೆಯಲ್ಲಿ ಇಬ್ಬರೂ ಕೂತು ಚಹಾ ಕುಡಿದು ಅದೆಷ್ಟು ಕಾಲವಾಗಿತ್ತೋ.

ಆ ವಾರವೇ ಅವರು ತೀರಿಕೊಂಡರು. ದ್ರಾಕ್ಷಿ ಕೊಯ್ಲಿನ ಸಮಯ. ಕೆಲಸ ನಿಲ್ಲಿಸಿ ಎಲ್ಲರೂ ಮಣ್ಣಿಗೆ ಹೋಗಿದ್ದೆವು. ಆ ಹೌದನ್ನು ಅವರು ನಮ್ಮ ತೋಟಕ್ಕೆ ಬಂದ ಮೊದಲ ದಿನವೇ ನಾನು ಹೇಳಬಹುದಿತ್ತು.