ಎದ್ದು ನಿಲ್ಲುವ ಮರ್ಯಾದೆ

ಬ್ಯಾಡಗಿಗೆ ಮೊಬೈಲು ಇನ್ನೂ ಹೊಸದಾಗಿದ್ದ ಕಾಲ. ಆಗ ನನಗೆ ಬಂದ ತಲೆನೋವಿಗೆ ಒಂದು ವಿಚಿತ್ರ ಗುಣವಿತ್ತು. ಮಲಗಿದರೆ ಇಲ್ಲ, ಎದ್ದು ನಿಂತರೆ ಹಾಜರು. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಸುಗ್ಗಿಯಲ್ಲಿ ಹೆಂಗಸರೆಲ್ಲ ಕತ್ತು ಬಗ್ಗಿಸಿ ತೊಟ್ಟು ಬಿಡಿಸುತ್ತ ಕೂರುತ್ತಿದ್ದೆವು. ಘಾಟಿಗೆ ತಲೆ ಹಿಡಿದಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಅತ್ತೆಯ ತೀರ್ಮಾನ ಬೇರೆ.

"ಮಲಗಿದ್ರ ಆರಾಮ, ಕೆಲಸಕ್ಕ ಎದ್ರ ನೋವು. ಇಂಥಾ ಬ್ಯಾನಿ ನನಗೂ ಒಂದು ಬೇಕಿತ್ತವಾ."

ನನಗೆ ಮೈಯೆಲ್ಲ ಉರಿಯಿತು. ಆದರೆ ಜಗಳವಾಡುವುದಕ್ಕೂ ಎದ್ದು ಕೂರಬೇಕಲ್ಲ.

ರಾಣೆಬೆನ್ನೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಕತ್ತಿನ ಮೂಳೆ ಸವೆದಿದೆಯೆಂದು ಪಟ್ಟಿ ಹಾಕಿಸಿದರು. ಅದನ್ನು ಹಾಕಿಕೊಂಡು ನೆಟ್ಟಗೆ ಕೂತಷ್ಟೂ ನೋವು ಹೆಚ್ಚಾಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದಾಗ ನಿಜ ಗೊತ್ತಾಯಿತು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ಪೊರೆ, ಅದರೊಳಗೆ ನೀರು ಇರುತ್ತದಂತೆ. ಸವೆದ ಮೂಳೆಯ ಅಂಚಿಗೆ ಬೆಳೆದ ಮುಳ್ಳೊಂದು ಆ ಪೊರೆಯನ್ನು ಚುಚ್ಚಿ ತೂತು ಮಾಡಿತ್ತು. ನೀರು ಸೋರಿ ಹೋಗಿ, ನಿಂತಾಗ ಮಿದುಳು ಕೆಳಕ್ಕೆ ಜಗ್ಗುತ್ತಿತ್ತು. ಇದನ್ನು ಕೇಳಿ ನನಗೆ ಹೆದರಿಕೆಗಿಂತ ಮೊದಲು ಸಮಾಧಾನವಾಯಿತು. ನಾನು ಸೋಗು ಹಾಕಿರಲಿಲ್ಲ.

ನನ್ನದೇ ತೋಳಿನ ರಕ್ತ ತೆಗೆದು, ತೂತಿಗೆ ತೇಪೆಯಾಗಲೆಂದು ಬೆನ್ನಿಗೆ ಚುಚ್ಚಿದರು. "ಇನ್ನ ಮಲಗೇ ಇರ್ರಿ. ತೇಪಿ ಕಿತ್ತರ ಕುತ್ತಿಗಿ ಆಪರೇಶನ್ ಮಾಡಬೇಕಾಗ್ತದ" ಎಂದರು ಡಾಕ್ಟರು.

ಆದರೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ನಮ್ಮಲ್ಲಿ ಊರೇ ಬರುತ್ತದೆ. ಹಿರಿಯರ ಎದುರು ಸೊಸೆ ಮಲಗಿರುವುದುಂಟೆ? ಗಂಡನ ಅಣ್ಣ, ನಮ್ಮ ಭಾವ, ಮೋಟೆಬೆನ್ನೂರಿನಿಂದ ಬಾಳೆಹಣ್ಣು ಹಿಡಿದು ಬಂದರು. ಬಾಗಿಲಲ್ಲಿ ಚಪ್ಪಲಿಯ ಸದ್ದಾದದ್ದೇ ನಾನು ದಡಬಡ ಎದ್ದು, ಸೆರಗು ಹೊದ್ದು, ಗೋಡೆ ಹಿಡಿದು ನಿಂತೆ.

"ಆರಾಮ ಅದೀಯೇನವಾ?"

"ಆರಾಮ ಅದೀನ್ರಿ" ಅನ್ನುವಷ್ಟರಲ್ಲಿ ತಲೆ ಸಿಡಿಯತೊಡಗಿತ್ತು. ಅವರು ಚಹಾ ಮುಗಿಸುವ ತನಕ ನಿಂತೇ ಇದ್ದೆ. ಅವರು ಹೋದ ಮೇಲೆ ಹಾಸಿಗೆಗೆ ಬಿದ್ದಾಗ ಅಳು ತಡೆಯಲಾಗಲಿಲ್ಲ. ತೇಪೆ ಕಿತ್ತೇ ಹೋಯಿತು ಅಂದುಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಸಂಜೆಯ ಹೊತ್ತಿಗೆ ನೋವು ಇಳಿಯಿತು.

ಮುಂದಿನ ಸಂತೆಗೆ ಬಂದ ಭಾವ ಮತ್ತೆ ಒಳಗೆ ಬಂದರು. ನಾನು ಏಳಹೋದೆ. ಪಕ್ಕದಲ್ಲಿದ್ದ ಅತ್ತೆ ನನ್ನ ಭುಜ ಒತ್ತಿ ಹಿಡಿದರು. ಸೆರಗನ್ನು ಜಗ್ಗಿ, ಮಲಗಿದ್ದ ನನ್ನ ತಲೆಗೆ ತಾವೇ ಹೊದಿಸಿ, ಮಗನ ಕಡೆ ತಿರುಗಿದರು.

"ಸೆರಗ ಹೊದ್ದಾಳ, ಮರ್ಯಾದಿ ಆತು. ಆಕಿ ಏಳೂದಿಲ್ಲ. ನೀ ಕುಂದ್ರು."

ಭಾವ ತೆಪ್ಪಗೆ ಕೂತರು. ಆಮೇಲೆ ಬಂದ ಹಿರಿಯರಿಗೆಲ್ಲ ಅದೇ ಮರ್ಯಾದೆ ಸಂದಿತು.

ತೇಪೆ ಹಿಡಿಯಿತು. ಒಂದು ಬೆಳಿಗ್ಗೆ ಅತ್ತೆ ಚಹಾ ಹಿಡಿದು ಒಳಗೆ ಬಂದಾಗ ನಾನು ಎದ್ದು ನಿಂತೆ. ತಲೆ ನೋಯಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನಗ್ಯಾಕ ಏಳ್ತಿ, ಕುಂದ್ರವಾ."

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನಾನು ಕೂರಲಿಲ್ಲ. ಅವರ ಮುಂದೆ ನಿಲ್ಲಬೇಕೆಂದು ಮೊದಲ ಸಲ ನನಗೇ ಅನಿಸಿತ್ತು.